ಹಿತ್ತಲ ಗೋಡೆಯ ಲೈಟು

ಮನೆಯ ಹಿಂದಿನ ಗೋಡೆಗೆ ಒಂದು ಲೈಟು ಹಾಕಿಸಬೇಕು ಅಂತ ಬಸ್ಸಮ್ಮ ಅಂದಾಗ ಅವಳ ಗಂಡ ಮರಿಲಿಂಗಪ್ಪ ತಾಟಿನಿಂದ ತಲೆ ಎತ್ತಿ ನೋಡಿದ.

"ಹಿಂದ? ಹಿಂದ ಯಾರದಾರ? ಹಾಕ್ಸೋದಿದ್ರ ಮುಂದ ಬಾಗಿಲ ಮ್ಯಾಲ ಹಾಕ್ಸು. ಬಂದವ್ರು ಹೋದವ್ರು ನೋಡ್ತಾರ."

"ಮುಂದ ಬೀದಿ ಕಂಬದ ಲೈಟ್ ಅದ. ಹಿಂದ ಬರೇ ಕತ್ತಲಿ. ಹಾವು, ಚೇಳು ಬರ್ತಾವ" ಅಂದಳು ಬಸ್ಸಮ್ಮ.

ಹಾವು ಚೇಳಿನ ಮಾತು ಸುಳ್ಳೇನಲ್ಲ. ಕಾಲುವೆಗೆ ನೀರು ಬಂದಾಗಿನಿಂದ ಹಿತ್ತಲಲ್ಲಿ ಹುಲ್ಲು ಮೊಣಕಾಲ ಮಟ್ಟ ಬೆಳೆಯುತ್ತಿತ್ತು. ಹುಲ್ಲಿಗೆ ಕಪ್ಪೆ, ಕಪ್ಪೆಯ ಹಿಂದೆ ಹಾವು. ಆದರೆ ಬಸ್ಸಮ್ಮನಿಗೆ ಲೈಟು ಬೇಕಾಗಿದ್ದುದು ಅದಕ್ಕಲ್ಲ. ಹಿಂದಿನ ಗೋಡೆಯಿಂದ ಮೂವತ್ತು ಹೆಜ್ಜೆ ನಡೆದರೆ ಕಾಲುವೆ. ಅದರ ಮೇಲೆ ಮುರಿದ ಎರಡು ಸಿಮೆಂಟಿನ ಕರೆಂಟು ಕಂಬಗಳನ್ನು ಜೋಡಿಸಿ ಅಡ್ಡ ಹಾಕಿದ್ದರು. ಜನ ಅದರ ಮೇಲೇ ಆಚೆ ಈಚೆ ದಾಟುತ್ತಿದ್ದರು. ದಿನಾ ಮುಸ್ಸಂಜೆ ಆ ಕಂಬಗಳ ಮೇಲೆ ಮಲ್ಲಾಬಾಯಿ ದಾಟುತ್ತಿದ್ದಳು.

ಮಲ್ಲಾಬಾಯಿ ಅಂದರೆ ಮರಿಲಿಂಗಪ್ಪನ ಅಣ್ಣ ಅಂಬ್ರಪ್ಪನ ಹೆಂಡತಿ, ಬಸ್ಸಮ್ಮನಿಗೆ ನೆಗೆಣ್ಣಿ. ಒಂದೇ ಹಂದರದಡಿ, ಒಂದೇ ದಿನ ಅಕ್ಕಿಕಾಳು ಹಾಕಿಸಿಕೊಂಡು ಇಬ್ಬರೂ ಗೋಗಿಯ ಪಕ್ಕದ ಈ ಊರಿಗೆ ಸೊಸೆಯರಾಗಿ ಬಂದಿದ್ದರು. ನೆಗೆಣ್ಣಿಯರು ಒಂದೇ ಒಲೆಗೆ ಇಟ್ಟ ಎರಡು ಕೊಳ್ಳಿ, ಹೊಗೆಯಾಡದೆ ಬಿಡುವುದಿಲ್ಲ ಅಂತ ಊರ ಹೆಂಗಸರು ಕಾದು ಕೂತಿದ್ದರು. ಹೊಗೆ ಆಡಲೇ ಇಲ್ಲ. ತಿಂಥಣಿಯ ತವರು ನೆನೆಸಿಕೊಂಡು ಬಸ್ಸಮ್ಮ ಅತ್ತರೆ ಮಲ್ಲಾಬಾಯಿ ಅವಳ ತಲೆ ಬಾಚಿ ಹೆರಳು ಹಾಕುತ್ತಿದ್ದಳು. ಅತ್ತೆ ಮಲಗಿದ ಹೊತ್ತು ನೋಡಿ ಇಬ್ಬರೂ ದನದ ಕೊಟ್ಟಿಗೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು, ನಾಲಿಗೆ ಎಷ್ಟು ಕೆಂಪಾಯಿತು ಅಂತ ಒಬ್ಬರಿಗೊಬ್ಬರು ತೋರಿಸಿಕೊಂಡು ನಗುತ್ತಿದ್ದರು. ಬಸ್ಸಮ್ಮನ ಚೊಚ್ಚಲ ಕೂಸು ಹುಟ್ಟಿದ ದಿನವೇ ಹೋದಾಗ ಮಲ್ಲಾಬಾಯಿ ಒಂದು ತಿಂಗಳು ತನ್ನ ಗಂಡನ ಕಡೆ ಹೊರಳದೆ ಅವಳ ಪಕ್ಕದಲ್ಲೇ ಮಲಗಿದ್ದಳು. ಆ ಒಂದು ತಿಂಗಳು ತನ್ನ ಬೆನ್ನಿನ ಮೇಲೆ ಇದ್ದ ಆ ಕೈಯ ಬಿಸುಪು ಬಸ್ಸಮ್ಮನಿಗೆ ಇವತ್ತಿಗೂ ಗೊತ್ತಿತ್ತು.

ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಎರಡು ಭಾಗವಾಯಿತು. ಮೇಲಿನ ಹೊಲ ಅಣ್ಣನಿಗೆ, ಇಳಿಜಾರಿನ ಕೆಳಗಿನ ಹೊಲ ತಮ್ಮನಿಗೆ. ಆಗ ಮೇಲಿನದೇ ಒಳ್ಳೆಯದು ಅನ್ನುತ್ತಿದ್ದರು; ಕೆಳಗಿನದರಲ್ಲಿ ಮಳೆಗಾಲದಲ್ಲಿ ನೀರು ನಿಂತು ಬೆಳೆ ಕೊಳೆಯುತ್ತಿತ್ತು. ಅಂಬ್ರಪ್ಪ ತನ್ನ ಹೊಲದಲ್ಲೇ ಮನೆ ಕಟ್ಟಿಕೊಂಡ. ಆಮೇಲೆ ಕೆಂಪು ಬಾವುಟ ಹಿಡಿದ ಸರ್ವೆಯವರು ಬಂದರು. ಕಾಲುವೆ ಸರಿಯಾಗಿ ಎರಡು ಹೊಲಗಳ ನಡುವೆ ಹಾದುಹೋಯಿತು. ನೀರು ಕೆಳಗೆ ಇಳಿಯುತ್ತದೆ, ಮೇಲೆ ಹತ್ತುವುದಿಲ್ಲ. ಎರಡೇ ವರ್ಷದಲ್ಲಿ ತಮ್ಮನ ಹೊಲ ಭತ್ತ, ಹತ್ತಿ ಅಂತ ಹಸಿರಾಯಿತು. ಕಾಲುವೆಯ ದಂಡೆಯ ಮೇಲೇ ಇದ್ದ ಅಣ್ಣನ ಹೊಲ ಮೊದಲಿನ ಹಾಗೇ ಮುಗಿಲು ನೋಡುತ್ತ ಉಳಿಯಿತು.

ಒಂದು ಬೇಸಿಗೆ ಅಂಬ್ರಪ್ಪ ಕಾಲುವೆಗೆ ಡೀಸೆಲ್ ಇಂಜಿನ್ ಇಟ್ಟು ನೀರು ಮೇಲೆತ್ತಿದ. ಹಾಗೆ ಎತ್ತುವಂತಿರಲಿಲ್ಲ. ಆ ಸಲ ಕೆಳಗಿನವರಿಗೆ ನೀರು ಕಡಿಮೆ ಬಂದು ಗದ್ದಲವಾದಾಗ, ಯಾರು ಎತ್ತುತ್ತಿದ್ದಾರೆ ಅಂತ ಮರಿಲಿಂಗಪ್ಪ ಕಾಲುವೆಯ ಸಾಹೇಬರಿಗೆ ಹೇಳಿಬಿಟ್ಟ. ಬಂದು ಒಂದು ಮಾತು ಗದರಿಸಿ ಹೋಗುತ್ತಾರೆ ಅಂದುಕೊಂಡಿದ್ದ. ಅವರು ಇಂಜಿನ್ನನ್ನೇ ಜೀಪಿನ ಹಿಂದೆ ಕಟ್ಟಿಕೊಂಡು ಹೋದರು. ಅವತ್ತು ಅಂಬ್ರಪ್ಪ ದಂಡೆಯ ಮೇಲೆ ನಿಂತು, ಊರಿಗೆಲ್ಲ ಕೇಳುವಂತೆ ಹೆಂಡತಿಗೆ ಆಣೆ ಹಾಕಿದ.

"ಆ ಮನಿ ಹೊಸ್ತಿಲ ತುಳಿದು, ಆ ಮನಿ ನೀರು ಮುಟ್ಟಿದಿ ಅಂದ್ರ ನನ್ನ ಹೆಣ ನೋಡ್ತಿ."

ಅದಾಗಿ ಏಳು ವರ್ಷವಾಗಿತ್ತು. ತಮ್ಮ ಮೇಲಿನ ಹೊಲದಲ್ಲಿ ಬೆಳೆ ಕೈಗೆ ಹತ್ತದೆ ಮಲ್ಲಾಬಾಯಿ ಕಾಲುವೆಯ ಕೆಳಗಿನ ಹೊಲಗಳಿಗೆ ಕೂಲಿಗೆ ಬರುತ್ತಿದ್ದಳು. ಮರಿಲಿಂಗಪ್ಪನ ಹೊಲವೊಂದನ್ನು ಬಿಟ್ಟು ಉಳಿದೆಲ್ಲರ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಸಂಜೆ ದಂಡೆಗುಂಟ ನಡೆದು ಬಂದು, ಬಸ್ಸಮ್ಮನ ಹಿತ್ತಲ ಹತ್ತಿರ ತಿರುಗಿ, ಕಂಬಗಳ ಮೇಲೆ ದಾಟಿ ತನ್ನ ಮನೆಗೆ ಹೋಗುತ್ತಿದ್ದಳು. ಬಸ್ಸಮ್ಮ ಹಿತ್ತಲ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಮಲ್ಲಾಬಾಯಿ ಸೆರಗು ಮುಂದಕ್ಕೆ ಎಳೆದುಕೊಂಡು, ಈ ಕಡೆ ಕತ್ತು ತಿರುಗಿಸದೆ ನಡೆಯುತ್ತಿದ್ದಳು.

ಆ ವರ್ಷ ಬೇಸಿಗೆಯ ನಡುವೆ, ಮಲ್ಲಾಬಾಯಿಯ ಜೊತೆ ಕೂಲಿಗೆ ಹೋಗುವ ಮಕ್ತುಂಬಿ ಮಜ್ಜಿಗೆ ಕೇಳಲು ಬಂದವಳು ಹೇಳಿದಳು:

"ನಿಮ್ಮಕ್ಕ ಮೊನ್ನಿ ಸಂಜಿಕ ಕಂಬದ ಮ್ಯಾಲಿಂದ ಜಾರಿ ಬಿದ್ದಾಳ ನೋಡ್ರಿ. ಕಾಲ ಎಲ್ಲಿಡಬೇಕು ಕಾಣಲಿಲ್ಲಂತ. ನೀರು ಕಮ್ಮಿ ಇತ್ತು, ಅಲ್ಲಾ ಕಾಪಾಡಿದ. ಎಡಗೈ ಮುರದದ."

ಬಸ್ಸಮ್ಮನ ಕೈಯೊಳಗಿನ ಸಟ್ಟುಗ ಮಜ್ಜಿಗೆ ಗಡಿಗೆಗೆ ಬಿತ್ತು. ಜಗಳವಾದ ಮನೆಗೆ ಹೋಗಿ ನೋಡುವ ಹಾಗಿರಲಿಲ್ಲ. ಒಂದೂವರೆ ತಿಂಗಳು ಹಿತ್ತಲ ಹಾದಿ ಖಾಲಿ ಇತ್ತು. ಮಲ್ಲಾಬಾಯಿ ಮತ್ತೆ ಕಾಣಿಸಿಕೊಂಡ ದಿನ, ಕಂಬದ ತುದಿಯಲ್ಲಿ ನಿಂತು ಮೊದಲು ಒಂದು ಕಾಲಿನಿಂದ ತಡವಿ, ಆಮೇಲೆ ಇನ್ನೊಂದು ಕಾಲು ಎತ್ತಿ ಇಡುವುದನ್ನು ಬಸ್ಸಮ್ಮ ಕಂಡಳು. ಅವತ್ತೇ ಊಟಕ್ಕೆ ಕೂತ ಗಂಡನ ಮುಂದೆ ಲೈಟಿನ ಮಾತು ತೆಗೆದಿದ್ದಳು.

ಮರುದಿನವೇ ಬಸ್ಸಮ್ಮ ಊರಲ್ಲೇ ವಾಯರಿಂಗ್ ಮಾಡುವ ಹುಲಗಪ್ಪನನ್ನು ಕರೆಸಿದಳು. ಅವನು ಬಗ್ಗಿದ ಕಬ್ಬಿಣದ ಪೈಪಿನ ಲೈಟು ತಂದ. ತುದಿಗೆ ತಾಟಿನಂಥ ಮುಚ್ಚಳ, ಅದರೊಳಗೆ ಬಲ್ಬು. ಹಿಂದಿನ ಗೋಡೆ ಕಲ್ಲು ಮಣ್ಣಿನದು. ಮಳೆ ಹೊಡೆತಕ್ಕೆ ಮಣ್ಣು ಕರಗದಿರಲಿ ಅಂತ ಹೊರಮೈಗೆ ಚಪ್ಪಟೆ ಕಲ್ಲಿನ ಶಹಾಬಾದಿ ಫರಸಿಗಳನ್ನು ನಿಲ್ಲಿಸಿ ಹಚ್ಚಿದ್ದರು. ಹುಲಗಪ್ಪ ಎರಡು ಫರಸಿಗಳ ಸಂದಿಗೆ ಕಟ್ಟಿಗೆಯ ಗೂಟ ಬಡಿದು, ಅದಕ್ಕೆ ಸ್ಕ್ರೂ ತಿರುಗಿಸಿ, ಅರ್ಧ ತಾಸಿನಲ್ಲಿ ಕೈ ಝಾಡಿಸಿಕೊಂಡ.

"ಹತ್ತು ವರ್ಷ ಅಲ್ಲಾಡಂಗಿಲ್ಲ ನೋಡ್ರಿ ಯಕ್ಕಾರ."

ಮೊದಲ ಸಂಜೆ ಲೈಟು ಹತ್ತಿದಾಗ ಮಲ್ಲಾಬಾಯಿ ದಂಡೆಯ ಮೇಲೆ ಒಂದು ಗಳಿಗೆ ನಿಂತಳು. ಆಮೇಲೆ ಸೆರಗು ಎಳೆದುಕೊಂಡು, ಬೆಳಕಿನಲ್ಲಿ ಸರಸರ ದಾಟಿಹೋದಳು. ತಡವಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ಬಸ್ಸಮ್ಮನಿಗೆ ಎದೆಯ ಮೇಲಿನ ಕಲ್ಲು ಅರ್ಧ ಸರಿದಂತಾಯಿತು. ಎಂಟು ಸಂಜೆ ಹಾಗೇ ಕಳೆದವು. ಒಂಬತ್ತನೆಯ ದಿನ ಮಧ್ಯಾಹ್ನ ಮಿರಗ ಮಳೆಯ ಮುಂಗಾರು ಗಾಳಿ ಎದ್ದಿತು. ತುದಿಭಾರದ ಪೈಪು ಗಾಳಿಗೆ ತೂಗಾಡಿ ತೂಗಾಡಿ ಗೂಟಗಳನ್ನು ಕಿತ್ತುಕೊಂಡು, ಫರಸಿಯ ಒಂದು ಮೂಲೆಯನ್ನೂ ಮುರಿದುಕೊಂಡು ಬಿತ್ತು. ಬಲ್ಬು ಚೂರು ಚೂರಾಯಿತು. ವಾಯರು ಗೋಡೆಯ ಮೇಲೆ ಜೋತಾಡುತ್ತಿತ್ತು.

ಸಂಜೆಯಾಯಿತು. ಬಸ್ಸಮ್ಮನಿಗೆ ಬೇರೆ ಏನೂ ತೋಚಲಿಲ್ಲ. ಕಂದೀಲು ಹಚ್ಚಿಕೊಂಡು ಹೋಗಿ ಕಂಬಗಳ ಹತ್ತಿರ ತಾನೇ ನಿಂತಳು. ದಂಡೆಯ ಮೇಲೆ ಮಲ್ಲಾಬಾಯಿ ಬರುತ್ತಿರುವುದು ಕಂಡಿತು. ಕಂದೀಲು ಹಿಡಿದು ನಿಂತವಳು ಯಾರೆಂದು ಗೊತ್ತಾದದ್ದೇ ಅವಳು ನಿಂತಳು. ಹಾಗೇ ಹಿಂದಕ್ಕೆ ತಿರುಗಿ, ಒಂದು ಮೈಲಿ ಸುತ್ತಾದರೂ ಸರಿ ಅಂತ ಗೋಗಿ ರಸ್ತೆಯ ದೊಡ್ಡ ಬ್ರಿಜ್ಜಿನ ಕಡೆ ನಡೆದಳು. ಮುರಿದು ಕೂಡಿದ ಕೈಯನ್ನು ಎದೆಗೆ ಒತ್ತಿಕೊಂಡು ಹೋಗುತ್ತಿದ್ದ ಆ ಬೆನ್ನು ಕಾಣದಾಗುವ ತನಕ ಬಸ್ಸಮ್ಮ ಕಂದೀಲು ಎತ್ತಿ ಹಿಡಿದೇ ಇದ್ದಳು. ಮಲ್ಲಾಬಾಯಿ ಗೋಡೆಯ ಬೆಳಕು ಒಪ್ಪಿದ್ದಳು, ಬಸ್ಸಮ್ಮನ ಕೈಯ ಬೆಳಕು ಒಲ್ಲೆ ಅಂದಿದ್ದಳು.

ಮರುದಿನ ಮುಂಜಾನೆಯೇ ಬಸ್ಸಮ್ಮ ಗೋಗಿಗೆ ನಡೆದು, ಅಲ್ಲಿಂದ ಶೇರ್ ಆಟೋದಲ್ಲಿ ಶಹಾಪುರಕ್ಕೆ ಹೋದಳು. ಅಲ್ಲಿ ಸರದಾರಸಾಬ ಅಂತ ಒಬ್ಬ ವಾಯರ್‌ಮನ್ ಇದ್ದ. ಕಾಲುವೆ ಕಟ್ಟುವಾಗ ಕ್ಯಾಂಪಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನು. ಗೇಟಿನ ಮೇಲೆ, ದಂಡೆಯ ಮೇಲೆ, ಎಂಥ ಗಾಳಿಗೂ ಅವನು ಕೂರಿಸಿದ ಲೈಟು ಕದಲಿದ್ದಿಲ್ಲ ಅಂತ ಜನ ಹೇಳುತ್ತಿದ್ದರು. ಬಿಳಿ ಗಡ್ಡದ ಮುದುಕ ಎರಡು ದಿನ ಬಿಟ್ಟು ಚೀಲ ಹೊತ್ತು ಬಂದ.

ಬಂದವನು ಚೀಲ ಬಿಚ್ಚಲಿಲ್ಲ. ಮೊದಲು ಬೆರಳ ಗೆಣ್ಣಿನಿಂದ ಫರಸಿಗಳನ್ನು ಒಂದೊಂದಾಗಿ ತಟ್ಟುತ್ತ ಹೋದ. ಡಬ್ ಡಬ್ ಅಂದ ಕಡೆ ತಲೆ ಅಲ್ಲಾಡಿಸಿದ.

"ಕೇಳ ತಂಗಿ, ಇದು ಪೊಳ್ಳು. ಫರಸಿ ಅಂದ್ರ ಗೋಡಿಗಿ ತೊಡಿಸಿದ ಅಂಗಿ ಇದ್ದಂಗ. ಅಂಗಿಗಿ ಭಾರ ತೂಗ ಹಾಕಿದ್ರ ಹರೀತದ. ಮೈಗೇ ಹಾಕಬೇಕು."

ಕೊನೆಗೆ ಒಂದು ಕಡೆ ಟಣ್ ಅಂತ ಗಟ್ಟಿ ದನಿ ಬಂತು. ಅಲ್ಲಿ ಫರಸಿಯ ಹಿಂದೆ ದೊಡ್ಡ ಕಲ್ಲಿತ್ತು. ಆ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಬಸ್ಸಮ್ಮನ ಕಡೆ ತಿರುಗಿ ಕೇಳಿದ:

"ಬೆಳಕು ಎಲ್ಲಿ ಬೀಳಬೇಕು? ಹಿತ್ತಲಕ್ಕೋ?"

ಬಸ್ಸಮ್ಮ ಕೈಮಾಡಿ ತೋರಿಸಿದಳು. "ಅಲ್ಲಿ. ಆ ಕಂಬದ ಮ್ಯಾಲ."

ಸರದಾರಸಾಬ ಕಾಲುವೆಯ ಕಡೆ ನೋಡಿದ. ಆಚೆಯ ಒಂಟಿ ಮನೆಯ ಕಡೆ ನೋಡಿದ.

ಮಧ್ಯಾಹ್ನದವರೆಗೂ ಕೆಲಸ ನಡೆಯಿತು. ಫರಸಿ ಸೀಳದಂತೆ ಉಳಿಯನ್ನು ತಿರುಗಿಸುತ್ತ ತಿರುಗಿಸುತ್ತ ಮೆಲ್ಲಗೆ ಹೊಡೆದು, ಫರಸಿ ದಾಟಿ ಒಳಗಿನ ಕಲ್ಲಿನಲ್ಲಿ ನಾಲ್ಕು ತೂತು ಕೊರೆದ. ಪುಡಿಯನ್ನೆಲ್ಲ ಊದಿ ತೆಗೆದು, ತೇಗದ ಗೂಟಗಳನ್ನು ಬಿಗಿಯಾಗಿ ಕೂರಿಸಿದ. ಅದರ ಮೇಲೆ ಎರಡು ಬೆರಳು ದಪ್ಪದ ತೇಗದ ಹಲಗೆ; ಹಲಗೆಗೂ ಫರಸಿಗೂ ನಡುವೆ ಹಳೆಯ ಸೈಕಲ್ ಟ್ಯೂಬಿನ ತುಂಡು. ನಾಲ್ಕು ಉದ್ದ ಸ್ಕ್ರೂಗಳನ್ನು ಒಂದೇ ಸಲ ಬಿಗಿಯದೆ, ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪ ತಿರುಗಿಸಿದ. "ಭಾಳ ಬಿಗದ್ರೂ ಕಲ್ಲು ಒಡೀತದ, ಸಡಲ ಬಿಟ್ರೂ ಬೀಳ್ತದ" ಅಂದ. ಹಲಗೆಯ ಮೇಲ್ಗಡೆ, ಎರಡೂ ಬದಿ ಸಿಮೆಂಟು ಮೆತ್ತಿದ. ಕೆಳಗಡೆ ಮಾತ್ರ ತೆರೆದು ಬಿಟ್ಟ.

"ಕೆಳಗ ಯಾಕ ಬಿಟ್ಟಿರಿ?"

"ಎಷ್ಟು ಬಂದೋಬಸ್ತ್ ಮಾಡಿದ್ರೂ ನೀರು ಒಳಗ ಹೊಕ್ಕೇ ಹೋಗ್ತದ ತಂಗಿ. ಹೊಕ್ಕಿದ್ದು ಹೊರಗ ಬರಾಕ ಒಂದ್ ಹಾದಿ ಇರಬೇಕು. ಇಲ್ಲಾಂದ್ರ ಒಳಗೇ ಕೊಳೀತದ."

ವಾಯರನ್ನು ತೂತಿಗೆ ನೇರ ತೂರಿಸದೆ ಕೆಳಗೆ ಒಂದು ಕೊಕ್ಕೆಯಂತೆ ಬಗ್ಗಿಸಿ ಏರಿಸಿದ. ಮಳೆಯ ಹನಿ ಅಲ್ಲೇ ತೊಟ್ಟಿಕ್ಕಿ ಬೀಳಲಿ ಅಂತ. ಪೈಪು ಕೂರಿಸಿದ ಮೇಲೆ ಅದರ ಕುತ್ತಿಗೆಗೆ ನೀರು ತುಂಬಿದ ತಾಮ್ರದ ಕೊಡ ತೂಗುಹಾಕಿ, ಬಸ್ಸಮ್ಮ ಕೊಟ್ಟ ರೊಟ್ಟಿ ಪಲ್ಲೆ ಉಂಡು, ನಮಾಜು ಮುಗಿಸಿ ಬಂದು ನೋಡಿದ. ಕೊಡ ಒಂದು ಕೂದಲೆಳೆಯೂ ಕೆಳಗೆ ಬಂದಿರಲಿಲ್ಲ. ಮುಚ್ಚಳದ ಬುಡದಲ್ಲಿದ್ದ ಕಿವಿಯಂಥ ನಟ್ಟನ್ನು ಸಡಲಿಸಿ, ಬೆಳಕು ಮೇಲೆ ಕೆಳಗೆ ಮಾಡುವುದನ್ನೂ ಅವಳಿಗೆ ತೋರಿಸಿಕೊಟ್ಟು ಹೋದ.

ಮರಿಲಿಂಗಪ್ಪ ಹೊಲದಿಂದ ಬಂದಾಗ ಲೈಟು ಹತ್ತಿತ್ತು. ಬೆಳಕು ಎಲ್ಲಿ ಬಿದ್ದಿದೆ ಅಂತ ನೋಡಿದ. ಹಿತ್ತಲಲ್ಲಿ ಕಾಲು ತೊಳೆಯಲು ನಿಂತವನು ತಂಬಿಗೆಯ ನೀರೆಲ್ಲ ಮುಗಿದರೂ ಹಾಗೇ ನಿಂತಿದ್ದ. ಒಳಗೆ ಬಂದು, "ಹಾವು ಚೇಳು ಅಂದಿದ್ದಿ" ಅಂದ.

"ಹೂಂ, ಅಂದಿದ್ದೆ."

ಅಷ್ಟಕ್ಕೇ ಆ ಮಾತು ಮುಗಿಯಿತು.

ಮಳೆಗಾಲ ಪೂರ್ತಿ ಲೈಟು ಗಟ್ಟಿ ನಿಂತಿತು. ಕರೆಂಟು ಇದ್ದ ಸಂಜೆಗಳಲ್ಲಿ ಮಲ್ಲಾಬಾಯಿ ಬೆಳಕಿನಲ್ಲಿ ದಾಟಿದಳು. ಇಲ್ಲದ ಸಂಜೆ ಮಕ್ತುಂಬಿಯ ಕೈ ಹಿಡಿದು ದಾಟಿದಳು. ಬೆಳಕಿನಲ್ಲಿ ಬಸ್ಸಮ್ಮನಿಗೆ ಮೊದಲು ಕಾಣದಿದ್ದುದೆಲ್ಲ ಕಾಣುತ್ತಿತ್ತು. ಯಕ್ಕ ಬಡವಾಗಿದ್ದಾಳೆ. ಸೀರೆಯ ಅಂಚಿಗೆ ಬೇರೆ ಬಣ್ಣದ ದಾರದ ಹೊಲಿಗೆ. ಮುಂದಲೆ ಪೂರಾ ಬೆಳ್ಳಗಾಗಿದೆ. ಕಾಣುತ್ತ ಕಾಣುತ್ತ ಆಸೆ ಹೆಚ್ಚಾಯಿತೇ ಹೊರತು ತೀರಲಿಲ್ಲ. ಮೂವತ್ತು ಹೆಜ್ಜೆ ದೂರದಲ್ಲಿ ಹೋಗುವವಳನ್ನು ಕರೆಯಲು ಬಾಯಿಗೆ ಬಂದ "ಯಕ್ಕಾ" ಅನ್ನುವ ಮಾತನ್ನು ಎಷ್ಟೋ ಸಲ ಉಗುಳಿನ ಜೊತೆ ನುಂಗಿದಳು.

ದೀಪಾವಳಿ ಕಳೆದು, ತಾಯಿಗೆ ಮೈಯಲ್ಲಿ ನೆಟ್ಟಗಿಲ್ಲ ಅಂತ ಬಸ್ಸಮ್ಮ ಮೂರು ದಿನ ತಿಂಥಣಿಗೆ ಹೋಗಿದ್ದಳು. ವಾಪಸು ಬಂದ ಸಂಜೆ ನೋಡಿದರೆ ಹಿತ್ತಲು ಹಗಲಿನಂತೆ ಬೆಳಗುತ್ತಿತ್ತು.

"ಬಲ್ಬ್ ಹೋಗಿತ್ತು" ಅಂದ ಮರಿಲಿಂಗಪ್ಪ, ಅವಳ ಮುಖ ನೋಡದೆ. "ಅಂಗಡ್ಯಾಗ ಅರವತ್ತರದು ಇರಲಿಲ್ಲ. ನೂರರದು ಹಾಕೀನಿ."

ಏಣಿ ಹತ್ತಿದರೆ ತಲೆ ತಿರುಗುತ್ತದೆ ಅನ್ನುವ ಮನುಷ್ಯ ಅವನು. ಬಸ್ಸಮ್ಮ ಅವನಿಗೆ ಚಹಾ ಮಾಡಿ ಕೊಟ್ಟಳು.

ಮರುದಿನ ಸಂಜೆ ಎಮ್ಮೆಗೆ ಮೇವು ಹಾಕುತ್ತಿದ್ದಾಗ ಹಿಂದಿನಿಂದ ದನಿ ಕೇಳಿತು.

"ಬಸ್ಸೀ."

ಏಳು ವರ್ಷದಿಂದ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ತಿರುಗಿ ನೋಡಿದರೆ ಮಲ್ಲಾಬಾಯಿ ಹಿತ್ತಲ ಅಂಚಿನಲ್ಲಿ, ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು.

"ಎಂಥಾ ಬಲ್ಬ್ ಹಾಕೀದಿ ಇದು? ದಂಡಿ ಮ್ಯಾಲ ಬರ್ತಿದ್ರ ಸೀದಾ ಕಣ್ಣಾಗ ಹೊಡಿತದ. ಕಂಬದ ಮ್ಯಾಲ ಕಾಲಿಡೋ ಹೊತ್ತಿಗಿ ಬರೇ ಹಸರು ಹಳದಿ. ಜರಾ ಕೆಳಗ ಬಗ್ಗಸು."

"ನಿಲ್ಲ ಯಕ್ಕ. ಈಗೇ ಬಗ್ಗಸ್ತೀನಿ. ಹೋಗಬ್ಯಾಡ, ನಿಂತಿರು."

ಬಸ್ಸಮ್ಮ ಒಳಗೆ ಓಡಿ ಏಣಿ ಎಳೆದು ತಂದಳು. ಅವಸರಕ್ಕೆ ಏಣಿ ಸರಿಯಾಗಿ ಊರದೆ, ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ವಾಲಿತು. ವಾಲಿದ್ದು ಹಾಗೇ ನಿಂತಿತು. ಕೆಳಗೆ ನೋಡಿದರೆ ಮಲ್ಲಾಬಾಯಿ ಬಂದು ಎರಡೂ ಕೈಯಿಂದ ಏಣಿ ಹಿಡಿದಿದ್ದಳು. ಎಡಗೈ ಮೊಣಕೈ ಹತ್ತಿರ ಇನ್ನೂ ಸೊಟ್ಟಗಿತ್ತು.

"ಬೀಳ್ತಿ ನೋಡು ಮಂಗ್ಯಾ. ಮೆಲ್ಲಕ."

ಬಸ್ಸಮ್ಮ ಸೆರಗಿನಿಂದ ಬಿಸಿ ಮುಚ್ಚಳ ಹಿಡಿದು, ನಟ್ಟು ಸಡಲಿಸಿ ಬಗ್ಗಿಸಿದಳು. "ಇನ್ನಾ ಕೆಳಗ. ಇನ್ನಾ. ಹಾಂ, ಸಾಕು" ಅಂದಳು ಮಲ್ಲಾಬಾಯಿ. ಇಳಿದು ಬಂದಾಗ ಇಬ್ಬರ ನಡುವೆ ಏಣಿಯ ಒಂದು ಮೆಟ್ಟಿಲಿನಷ್ಟೇ ಜಾಗವಿತ್ತು.

"ಒಳಗ ಬಾ ಯಕ್ಕ. ಒಂದ್ ಗುಟುಕು ಚಹಾ ಕುಡಿ."

"ಆಣಿ ಹಾಕ್ಯಾರ. ಗೊತ್ತಿಲ್ಲೇನು ನಿನಗ?" ಅಂದಳು ಮಲ್ಲಾಬಾಯಿ. "ನಾವು ಯಾದಗಿರಿಗಿ ಹೊಂಟೀವಿ ಬಸ್ಸಿ. ಅವ್ರಿಗಿ ಹತ್ತಿ ಮಿಲ್ಲಿನಾಗ ವಾಚ್‌ಮನ್ ಕೆಲಸ ಆಗ್ಯಾದ. ಹುಣ್ಣಿವಿ ಮರುದಿನ ಹೋಗ್ತೀವಿ."

ಬಸ್ಸಮ್ಮ ಅವಳ ಸೆರಗು ಹಿಡಿದಳು. "ಅದಕ್ಕ ಮಾತಾಡಿಸಿದೇನು ಇವತ್ತು?"

"ಅಲ್ಲ. ಕಣ್ಣಾಗ ಹೊಡಿತಿತ್ತು, ಅದಕ್ಕ" ಅಂದಳು ಮಲ್ಲಾಬಾಯಿ. ಇಬ್ಬರೂ ಒಮ್ಮೆಲೇ ನಕ್ಕರು. ನಗುತ್ತ ನಗುತ್ತ ಬಸ್ಸಮ್ಮ ಅವಳ ಹೆಗಲಿಗೆ ಹಣೆ ಒತ್ತಿ ಅತ್ತುಬಿಟ್ಟಳು. ಆ ಸೊಟ್ಟ ಕೈ ಬಂದು ಅವಳ ಬೆನ್ನ ಮೇಲೆ ಕೂತಿತು.

ಹುಣ್ಣಿಮೆಗೆ ಹನ್ನೊಂದು ದಿನವಿತ್ತು. ಹನ್ನೊಂದು ಸಂಜೆಯೂ ಮಲ್ಲಾಬಾಯಿ ಕೂಲಿಯಿಂದ ಬರುತ್ತ ಆ ಗೋಡೆಯ ಬುಡದಲ್ಲಿ ಕೂತಳು. ಹೊಸ್ತಿಲು ತುಳಿಯಲಿಲ್ಲ, ನೀರು ಮುಟ್ಟಲಿಲ್ಲ. ಬಸ್ಸಮ್ಮ ತಾನೂ ಬಾಯಾರಿಕೆ ತಡೆದುಕೊಂಡು ಅವಳ ಪಕ್ಕ ಕೂರುತ್ತಿದ್ದಳು. ಏಳು ವರ್ಷದ ಮಾತು ಹನ್ನೊಂದು ಸಂಜೆಗೆ ಮುಗಿಯುವಂಥದ್ದಲ್ಲ. ಒಂದು ದಿನವಂತೂ ಬಸ್ಸಮ್ಮ ಬಾಚಣಿಗೆ ತಂದು ಅವಳ ಬಿಳಿ ತಲೆ ಬಾಚಿದ್ದೇ ಆಯಿತು, ಮಾತೇ ಆಡಲಿಲ್ಲ. ಮರಿಲಿಂಗಪ್ಪ ಆ ಹೊತ್ತಿಗೆ ಏನಾದರೂ ನೆಪ ಮಾಡಿಕೊಂಡು ಊರೊಳಗೆ ಹೋಗುತ್ತಿದ್ದ.

ಹೋಗುವ ದಿನ ಆಚೆ ದಂಡೆಯಲ್ಲಿ ಟ್ರ್ಯಾಕ್ಟರ್ ಬಂದು ನಿಂತಿತು. ಅಂಬ್ರಪ್ಪ ಒಬ್ಬನೇ ಸಾಮಾನಿನ ಚೀಲ ಹೊರುತ್ತಿದ್ದ. ಬಸ್ಸಮ್ಮ ಹಿತ್ತಲಲ್ಲಿ ನಿಂತು ನೋಡುತ್ತಿದ್ದಂತೆ, ಅವಳ ಪಕ್ಕದಿಂದಲೇ ಮರಿಲಿಂಗಪ್ಪ ನಡೆದು ಹೋಗಿ ಕಂಬ ದಾಟಿದ. ಚೀಲದ ಇನ್ನೊಂದು ತುದಿಗೆ ಕೈ ಹಾಕಿದ. ಅಂಬ್ರಪ್ಪ ಅವನನ್ನು ನೋಡಿದ. ಚೀಲ ಬಿಡಲಿಲ್ಲ, ಬೇಡ ಅನ್ನಲೂ ಇಲ್ಲ. ಇಬ್ಬರೂ ಹೊತ್ತು ಟ್ರ್ಯಾಕ್ಟರಿಗೆ ಹಾಕಿದರು. ಎಂಟು ಚೀಲ. ಕೊನೆಯದು ಹಾಕಿದ ಮೇಲೆ ಅಂಬ್ರಪ್ಪ ಟವೆಲಿನಿಂದ ಮುಖ ಒರೆಸಿಕೊಂಡು, "ಹೊಲ ನೋಡ್ಕೊ" ಅಂದ. ಮರಿಲಿಂಗಪ್ಪ ತಲೆಯಾಡಿಸಿದ. ಮಲ್ಲಾಬಾಯಿ ಟ್ರ್ಯಾಕ್ಟರಿನ ಮೇಲೆ ಕೂತು, ಸೆರಗು ಸರಿಸಿ, ಮುಖ ಪೂರ್ತಿ ಈ ಕಡೆ ಮಾಡಿ ನೋಡುತ್ತಲೇ ಹೋದಳು.

ಚಳಿ ಬಂತು. ಮಕ್ತುಂಬಿ ಯಾದಗಿರಿಗೆ ಹೋಗಿ ಬಂದು, ಮಲ್ಲಾಬಾಯಿಗೆ ಅಲ್ಲಿ ಮಿಲ್ಲಿನ ಹಿಂದೆ ಒಂದೇ ಖೋಲಿ, ದಿನಾ ಬಾಗಿಲಲ್ಲಿ ಕೂತಿರುತ್ತಾಳೆ ಅಂದಳು. ಬಸ್ಸಮ್ಮ ಊಟ ಬಿಡಲಿಲ್ಲ, ಕೆಲಸ ಬಿಡಲಿಲ್ಲ. ಸಂಜೆಯಾದರೆ ಮಾತ್ರ ಯಾರೂ ಬಾರದ ದಂಡೆಯ ಕಡೆ ಕಣ್ಣು ಹೋಗುತ್ತಿತ್ತು. ಒಂದು ದಿನ ಮರಿಲಿಂಗಪ್ಪ ಹಗ್ಗ ಹೊಸೆಯುತ್ತ ಕೂತವನು ಕೇಳಿದ:

"ಯಾದಗಿರಿಗಿ ಮುಂಜಾನಿ ಬಸ್ಸು ಎಷ್ಟಕ್ಕದ?"

"ಏಳೂವರಿಗಿ" ಅಂದಳು ಬಸ್ಸಮ್ಮ. ತಡಮಾಡದೆ ಹೇಳಿದಳು.

"ನೀ ಹೋಗಿ ಬಾ. ಅಣ್ಣನ ಮನಿಗಿ ನಾವು ಹೋಗಬಾರದು ಅಂತ ಯಾರೂ ಆಣಿ ಹಾಕಿಲ್ಲ. ನಾ ಮುಂದಿನ ಸಲ ಬರ್ತೀನಿ."

ಮರುದಿನ ಬಸ್ಸಮ್ಮ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಹಿತ್ತಲ ಅವರೆಕಾಯಿ ಗಂಟು ಕಟ್ಟಿಕೊಂಡು ಆರೂವರೆಗೇ ಗೋಗಿಯ ಸ್ಟ್ಯಾಂಡಿನಲ್ಲಿ ಬಂದು ಕೂತಿದ್ದಳು. ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಬಂತು ಅಂತ ಗಂಟು ಎತ್ತಿಕೊಂಡು ಎರಡು ಸಲ ಎದ್ದಳು; ಎರಡು ಸಲವೂ ಅದು ಹತ್ತಿಯ ಲಾರಿ.